ಕೊರಳಿನವರೆಗೆ ನೇಯ್ದ ದೊರೆ

ಕೆರ್ಮಾನ್
ರಬಿಉಲ್ ಸಾನಿ 27, 1344

ಮಗಳು ತೂಬಾಳಿಗೆ ತಂದೆ ಉಸ್ತಾದ್ ಕುರ್ಬಾನನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ಹಲ್ಲುನೋವು ಹೋಯಿತು, ಜೊತೆಗೆ ಹಲ್ಲೂ ಹೋಯಿತು. ಅಳಿಯ ಜಲೀಲನಿಗೆ ನನ್ನ ಸಲಾಂ ಹೇಳು. ಅವನ ಸರ್ಕಾರಿ ಕಚೇರಿಯ ಗೋಡೆಯ ಮೇಲೆ ಈಗ ಯಾರ ಪಟ ಇದೆ ಅಂತ ಕೇಳುವುದಿಲ್ಲ, ನನಗೆ ಗೊತ್ತು.

ದೊರೆ ಅಹಮದ್ ಷಾನನ್ನು ಸಿಂಹಾಸನದಿಂದ ಇಳಿಸಿದ ಸುದ್ದಿ ಇಲ್ಲಿಗೆ ತಂತಿಯಲ್ಲಿ ಬಂತು. ಅಂಗಡಿಬೀದಿಯಲ್ಲಿ ದೀಪ ಹಚ್ಚಿ ಅಂದರು, ಹಚ್ಚಿದರು. ಇಳಿಸಿಕೊಂಡವನು ದೇಶದಲ್ಲೇ ಇಲ್ಲ, ಪ್ಯಾರಿಸ್ಸಿನಲ್ಲಿ ಕಾಫಿ ಕುಡಿಯುತ್ತಿದ್ದಾನೆ. ಈ ಊರಿನಲ್ಲಿ ಅವನು ಇನ್ನೂ ನಿಂತಿರುವುದು ನನ್ನ ಮಗ್ಗದ ಮೇಲೆ ಮಾತ್ರ, ಅದೂ ಕೊರಳಿನವರೆಗೆ.

ಎರಡು ವರ್ಷದ ಹಿಂದೆ ಆಗಿನ ರಾಜ್ಯಪಾಲರು ದೊರೆಗೆ ಕಾಣಿಕೆ ಕೊಡಲು ಅವನದೇ ಚಿತ್ರದ ರತ್ನಗಂಬಳಿ ಬೇಕು ಅಂದದ್ದು ನಿನಗೆ ನೆನಪಿರಬೇಕು. ಗಂಬಳಿ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ. ಮೊದಲು ಬೂಟು, ಕೊನೆಗೆ ಮುಖ. ತಂತಿ ಬಂದ ದಿನ ನಾವು ಕಾಲರಿನ ವಜ್ರಗಳನ್ನು ಮುಗಿಸಿದ್ದೆವು. ರಾಜ್ಯಪಾಲರು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದರು. ಹೊಸ ರಾಜ್ಯಪಾಲರ ಕಚೇರಿಯಿಂದ ಮಿರ್ಜಾ ಬಾಕರ್ ಅನ್ನುವ ಗುಮಾಸ್ತ ಬೂಟುಗಾಲಿನಲ್ಲೇ ಮಗ್ಗದ ಮನೆಯೊಳಗೆ ಬಂದ.

"ಉಸ್ತಾದ್, ಏನೂ ಯೋಚ್ನೆ ಮಾಡ್ಬೇಡಿ. ಮೈ ಹೇಗಿದ್ಯೋ ಹಾಗೇ ಇರ್ಲಿ. ಮುಖ ಮಾತ್ರ ಸೇನಾಪತಿ ರೆಜಾ ಖಾನರದ್ದು ಹಾಕ್ಬಿಡಿ."

"ಅವರಿನ್ನೂ ದೊರೆ ಆಗಿಲ್ವಲ್ಲ?"

"ಆಗ್ತಾರೆ. ವಸಂತದಲ್ಲಿ ಪಟ್ಟ ಕಟ್ತಾರೆ. ಅಷ್ಟೊತ್ತಿಗೆ ಗಂಬಳಿ ಕೈಲಿರ್ಬೇಕು."

"ಈ ಹೊಟ್ಟೆ ಅಹಮದ್ ಷಾನದು ಸ್ವಾಮಿ. ಇದರ ಮೇಲೆ ಆ ದಂಡಿನವರ ತಲೆ ಕೂರಿಸಿದ್ರೆ, ಪಕ್ಕದ ಮನೆ ಕೋಟು ಕೇಳಿ ಹಾಕ್ಕೊಂಡು ಮದುವೆಗೆ ಬಂದೋರ ಥರ ಕಾಣ್ತಾರೆ" ಅಂದೆ. ಗಂಟು ಹಾಕುತ್ತಿದ್ದ ಮಾಷಾಲ್ಲಾ ನಗು ತಡೆಯಲಾರದೆ ಕೆಮ್ಮಿದ. ಮೂವತ್ತು ವರ್ಷದಿಂದ ನನ್ನ ಮಗ್ಗದಲ್ಲಿ ಕೂತವನು, ನನ್ನ ನಾಲಿಗೆ ಅವನಿಗೆ ಹೊಸದಲ್ಲ.

ಮಿರ್ಜಾ ನಗಲಿಲ್ಲ. ಹಲಗೆಯ ಮೇಲಿದ್ದ ಮುಖದ ನಕ್ಷೆಯನ್ನು ಕಿತ್ತು, ಹರಿದು, ಜೇಬಿಗೆ ತುರುಕಿಕೊಂಡ. ನಕ್ಷೆಯ ಚೌಕಗಳನ್ನು ಓದಿ ನಾನು ಕೂಗಬೇಕು, ಕೂಗಿದ ಬಣ್ಣಕ್ಕೆ ನೇಯುವವರು ಗಂಟು ಹಾಕಬೇಕು. ನಕ್ಷೆ ಇಲ್ಲದೆ ನಾನು ಮೂಗ. ಹೊಸ ನಕ್ಷೆ ತೆಹ್ರಾನಿನಿಂದ ಬರುತ್ತದಂತೆ. ಬರಲಿ, ನಾನು ಕೂಗುವುದಿಲ್ಲ ಅಂತ ಹೇಳಿ ಕಳಿಸಿದೆ.

ಈ ಕಾಗದದ ಅಂಚೆಚೀಟಿ ನೋಡು. ಅಹಮದ್ ಷಾನದೇ ಮುಖ. ಹೋದ ವಾರ ಇನ್ನೊಂದು ಕಾಗದಕ್ಕೆ ಇಂಥದ್ದೇ ಅಂಟಿಸಿದಾಗ ಅಂಚೆಯವನು ಮುದ್ರೆ ಹೊಡೆದ ರಭಸಕ್ಕೆ ಮೇಜು ಅಲುಗಿತು. ನನ್ನ ಹತ್ತಿರ ಇಂಥವು ಇನ್ನೂ ಇವೆ, ಮುಗಿಯುವವರೆಗೆ ಇವನ್ನೇ ಅಂಟಿಸುತ್ತೇನೆ.

ನಿನ್ನ ತಂದೆ,
ಕುರ್ಬಾನ್


ತೆಹ್ರಾನ್
ಆಜರ್ 15, 1304

ಬಾಬಾಜಾನ್, ನಿಮ್ಮ ಕೈಗೆ ಮುತ್ತು.

ಮೇಲಿರುವ ತಾರೀಖು ನೋಡಿ ಹುಬ್ಬು ಗಂಟಿಕ್ಕಬೇಡಿ. ಸರ್ಕಾರ ತಿಂಗಳುಗಳ ಹೆಸರನ್ನೂ ವರ್ಷದ ಲೆಕ್ಕವನ್ನೂ ಬದಲಿಸಿ ಇಷ್ಟು ದಿನವಾಯಿತು, ನೀವೊಬ್ಬರೇ ಇನ್ನೂ ಹಳೆಯ 1344ನ್ನು ಹಿಡಿದು ಜಗ್ಗುತ್ತಿದ್ದೀರಿ.

ನಿಮ್ಮ ಕಾಗದ ಓದಿ ಮೊದಲು ನಕ್ಕೆ. ಆಮೇಲೆ ಕೋಪ ಬಂತು. ಯಾರಿಗಾಗಿ ಈ ಹಠ? ಬರಗಾಲದ ವರ್ಷ ಮರೆತುಹೋಯಿತೇ? ಅರಮನೆಯ ಕಣಜದಲ್ಲಿ ಗೋಧಿ ಇದೆ, ಬೆಲೆ ಏರಲಿ ಅಂತ ಕಾಯುತ್ತಿದ್ದಾರೆ ಅಂತ ಜನ ಬಾಯಿಬಿಟ್ಟು ಹೇಳುತ್ತಿದ್ದರು. ನಮ್ಮ ಬೀದಿಯಲ್ಲಿ ಜನ ಹುಲ್ಲು ಬೇಯಿಸಿ ತಿಂದರು. ಅಮ್ಮ ತನ್ನ ಪಾಲಿನ ರೊಟ್ಟಿಯನ್ನು ನನ್ನ ಕೈಗಿಟ್ಟು "ನಂಗೆ ಹಸಿವಿಲ್ಲ ಕಣೇ, ತಿನ್ನು" ಅಂದಳು. ನಾನು ತಿಂದೆ ಬಾಬಾ. ನನಗೆ ಹದಿನಾಲ್ಕು ವರ್ಷ, ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತ ತಿಳಿಯುವಷ್ಟು ದೊಡ್ಡವಳಾಗಿದ್ದೆ. ಆದರೂ ತಿಂದೆ. ಅಂಥ ದೊರೆಯ ಮುಖಕ್ಕಾಗಿ ನೀವು ಕೊರಳು ಒಡ್ಡುತ್ತಿದ್ದೀರಲ್ಲ.

ಹೊಸಬರು ಒಳ್ಳೆಯವರೋ ಕೆಟ್ಟವರೋ ನನಗೆ ಗೊತ್ತಿಲ್ಲ. ರಸ್ತೆಯಲ್ಲಿ ದರೋಡೆ ನಿಂತಿದೆ. ನಾನು ಪಾಠ ಹೇಳುವ ಹೆಣ್ಣುಮಕ್ಕಳ ಶಾಲೆಗೆ ಎರಡು ಕೋಣೆ ಸೇರಿಸುತ್ತೇವೆ ಅಂದಿದ್ದಾರೆ. ನನಗೆ ಅಷ್ಟು ಸಾಕು.

ಈಗ ಮುಖ್ಯ ವಿಷಯ. ನಿಮ್ಮ ಊರಿನ ಕಚೇರಿಯವರು ಜಲೀಲನ ಇಲಾಖೆಗೆ ಬರೆದಿದ್ದಾರೆ. ಉಸ್ತಾದರ ಮಗಳು ಚಿಕ್ಕಂದಿನಲ್ಲಿ ನಕ್ಷೆಯ ಚೌಕಗಳಿಗೆ ಬಣ್ಣ ತುಂಬುತ್ತಿದ್ದಳಂತೆ, ಮುಖದ ನಕ್ಷೆಯನ್ನು ಅವಳೇ ಬರೆಯಲಿ, ಆಗ ಮುದುಕ ಇಲ್ಲ ಅನ್ನಲಾರ ಅಂತ. ಜಲೀಲನನ್ನು ಕರೆದು ಹೊಸ ದೊರೆಯ ಫೋಟೋ ಕೈಗೆ ಕೊಟ್ಟರು. ಅವನು ಮನೆಗೆ ಬಂದು "ನೀನೇ ಹೇಳು, ನಾನೇನ್ ಮಾಡ್ಲಿ?" ಅಂದ. ಬರೆಯುತ್ತೇನೆ ಅಂದೆ.

ಹೌದು, ಬರೆಯುತ್ತೇನೆ. ನಿಮ್ಮನ್ನು ಜೈಲಿನಲ್ಲಿ ನೋಡಲು ನನಗೆ ಇಷ್ಟವಿಲ್ಲ.

ನಿಮ್ಮ
ತೂಬಾ


ಕೆರ್ಮಾನ್
ಜಮಾದಿಉಲ್ ಸಾನಿ 10

ತೂಬಾ,

ಆಶೀರ್ವಾದ ಕೊನೆಯಲ್ಲಿ ಬರೆಯುತ್ತೇನೆ, ಕೋಪ ಇಳಿದಿದ್ದರೆ.

ನನಗೆ ಬರಗಾಲ ನೆನಪು ಮಾಡಿಕೊಡುತ್ತೀಯಾ? ನಿನ್ನ ಅಮ್ಮ ಕೌಕಬಳನ್ನು ಮಣ್ಣಿಗಿಟ್ಟವನು ನಾನು. ಅವಳ ಮೈ ಎಷ್ಟು ಹಗುರವಾಗಿತ್ತೆಂದರೆ ಎತ್ತಲು ಇನ್ನೊಬ್ಬರು ಬೇಕಾಗಲಿಲ್ಲ. ಇದನ್ನು ನಿನಗೆ ಇದುವರೆಗೆ ಹೇಳಿರಲಿಲ್ಲ, ನೀನೇ ಹೇಳಿಸಿದೆ.

ಅಹಮದ್ ಷಾನನ್ನು ನಾನು ಕ್ಷಮಿಸಿದ್ದೇನೆ ಅಂತ ಯಾವಾಗ ಅಂದೆ? ನಾನು ಅವನನ್ನು ಎರಡು ವರ್ಷದಿಂದ ಗಂಟು ಗಂಟಾಗಿ ಬಲ್ಲೆ. ಅವನ ತಂದೆಯನ್ನು ಓಡಿಸಿ ಹನ್ನೆರಡು ವರ್ಷದ ಅವನನ್ನು ಸಿಂಹಾಸನದ ಮೇಲೆ ಕೂರಿಸಿದರು. ಅಮ್ಮ ಬೇಕು ಅಂತ ಅತ್ತನಂತೆ, ಅರಮನೆಯಿಂದ ತಪ್ಪಿಸಿಕೊಳ್ಳಲೂ ನೋಡಿದನಂತೆ. ಪಾಪ ಅನ್ನಿಸುತ್ತದೆ. ಆಮೇಲೆ ರಷ್ಯಾದವರು ಬಂದರು, ಇಂಗ್ಲಿಷರು ಬಂದರು, ಅವನ ಹೆಸರಿನಲ್ಲಿ ಯಾರು ಯಾರೋ ಆಳಿದರು. ಅವನು ಊದಿಕೊಂಡ. ನಾವು ಅವನ ಬೂಟು ನೇಯುವಾಗ ಅವನು ಫರಂಗಿ ದೇಶಕ್ಕೆ ಹೊರಟಿದ್ದ. ಮಂಡಿಗೆ ಬಂದಾಗ ಬರುತ್ತಾನೆ ಅಂದರು, ಸೊಂಟಕ್ಕೆ ಬಂದಾಗಲೂ ಬರುತ್ತಾನೆ ಅಂದರು. ಅವನ ಕತ್ತಿ ಒರೆಯಿಂದ ಹೊರಗೆ ಬಂದದ್ದನ್ನು ಯಾರೂ ನೋಡಲಿಲ್ಲ, ನಾನೂ ಒರೆಯಲ್ಲೇ ನೇಯ್ದಿದ್ದೇನೆ.

ಗೋಧಿಯ ಮಾತು ನಿಜವೋ ಸುಳ್ಳೋ ನಾನು ಕಣ್ಣಾರೆ ಕಾಣೆ. ಆದರೆ ನಿನ್ನ ಅಮ್ಮ ಸತ್ತ ವರ್ಷ ಸಿಂಹಾಸನದ ಮೇಲೆ ಕೂತಿದ್ದವನು ಅವನು. ಉತ್ತರ ಕೊಡಬೇಕಾದವನು ಅವನು. ಈಗ ಅವನ ಮುಖ ತೆಗೆದು ಇನ್ನೊಂದು ಹಾಕಿ ಅನ್ನುತ್ತಾರೆ. ಹಾಕಿದರೆ ನಾಳೆ ನಾನು ಯಾರನ್ನು ಕೇಳಲಿ? ಮೈ ಅದೇ, ವಜ್ರ ಅದೇ, ಕತ್ತಿ ಅದೇ, ಮುಖ ಮಾತ್ರ ಹೊಸದು. ಕೌಕಬಳ ರೊಟ್ಟಿ ಎಲ್ಲಿ ಅಂದರೆ, ಆಗ ನಾನಿರಲಿಲ್ಲ ಅನ್ನುತ್ತದೆ ಆ ಮುಖ. ಅದಕ್ಕೇ ನನಗೆ ಅವನ ಮುಖವೇ ಬೇಕು. ಪ್ರೀತಿಯಿಂದ ಪಟ ಇಟ್ಟುಕೊಳ್ಳುವವರು ಬೇರೆ ಇದ್ದಾರೆ, ನಾನಲ್ಲ.

ನಿನ್ನ ನಕ್ಷೆ ಕಳಿಸು, ಬೇಡ ಅನ್ನುವುದಿಲ್ಲ. ಊಟಕ್ಕೆ ಕೂತಾಗ ಬಾಣಲೆಯ ಕೆಳಗೆ ಹಾಸುತ್ತೇನೆ.

ಆಶೀರ್ವಾದ. ಕೋಪ ಇಳಿದಿಲ್ಲ.

ಕುರ್ಬಾನ್


ತೆಹ್ರಾನ್
ಬಹಮನ್ 10

ಬಾಬಾಜಾನ್,

ನಿಮ್ಮ ಹಿಂದಿನ ಕಾಗದವನ್ನು ಯಾರೋ ಬಿಚ್ಚಿ ಹಿಟ್ಟಿನ ಅಂಟಿನಿಂದ ಮತ್ತೆ ಮುಚ್ಚಿದ್ದರು. ಇದನ್ನೂ ಬಿಚ್ಚುತ್ತಾರೆ. ಓದುವ ಮಹನೀಯರಿಗೂ ನನ್ನ ಸಲಾಂ.

ನಕ್ಷೆ ಮುಗಿಯಿತು. ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಸಾಲಿನ ಗುರುತು ಹಾಕಿ, ತಗಡಿನ ಕೊಳವೆಯಲ್ಲಿಟ್ಟು ಇಲಾಖೆಯ ಮುದ್ರೆ ಒತ್ತಿಸಿ ಕಳಿಸಿದ್ದೇನೆ. ಮುದ್ರೆ ಒತ್ತುವ ಮೊದಲು ಜಲೀಲನ ಸಾಹೇಬರು ಪಟ್ಟಿಗಳನ್ನು ತಿರುಗಿಸಿ ತಿರುಗಿಸಿ ನೋಡಿ "ಇದ್ರಲ್ಲಿ ದೊರೆ ಎಲ್ಲಮ್ಮ?" ಅಂದರು. "ಮಗ್ಗಕ್ಕೆ ಹೋದ ಮೇಲೆ ಕಾಣ್ತಾರೆ ಸಾರ್" ಅಂದೆ. ಫೋಟೋ ಹಿಂದಕ್ಕೆ ಕೇಳಲಿಲ್ಲ, ನನ್ನಲ್ಲೇ ಇದೆ.

ಬಾಣಲೆಯ ಕೆಳಗೆ ಹಾಕುವ ಮೊದಲು ಬಿಚ್ಚಿ ನೋಡಿ.

ತೂಬಾ


ಕೆರ್ಮಾನ್
ಶಾಬಾನ್ 5

ತೂಬಾ,

ನಿನ್ನ ಕೊಳವೆ ಬಂದಿದೆ. ಮಗ್ಗದ ಎದುರು ಗೋಡೆಯಲ್ಲಿ ಮೊಳೆ ಹೊಡೆದು ನೇತುಹಾಕಿದ್ದೇನೆ. ಮುದ್ರೆ ಒಡೆದಿಲ್ಲ, ಒಡೆಯುವುದೂ ಇಲ್ಲ. ಬೇರೆ ಯಾರು ಬರೆದು ಕಳಿಸಿದ್ದರೂ ಒಲೆಗೆ ಹಾಕಿ ಕೈ ಒರೆಸಿಕೊಳ್ಳುತ್ತಿದ್ದೆ. ಇದರೊಳಗೆ ನಿನ್ನ ಕೈಬರಹ ಇದೆ, ಸುಡಲು ಮನಸ್ಸು ಬಾರದು. ನಿನಗೆ ಬಣ್ಣ ಕಲಿಸಿದವನು ನಾನು. ಅದನ್ನು ನನ್ನ ಬಾಯಿ ಕಟ್ಟಲು ಬಳಸಿದೆಯಲ್ಲ, ನೋವಾಯಿತು.

ಮಿರ್ಜಾ ವಾರಕ್ಕೊಮ್ಮೆ ಬಂದು ಕೊಳವೆ ಮುಟ್ಟಿ ನೋಡಿ ಹೋಗುತ್ತಾನೆ. ನಿನ್ನೆ ಬಂದವನು ಕೂರಲೂ ಇಲ್ಲ. "ರಂಜಾನಿನ ಮೊದಲ ವಾರದೊಳಗೆ ಮುಖ ಶುರುವಾಗದಿದ್ರೆ ಎಂಟೂ ಮಗ್ಗಕ್ಕೆ ಬೀಗ. ನಿಮ್ಮನ್ನ ಎಲ್ಲಿಗೆ ಕರ್ಕೊಂಡ್ಹೋಗ್ತಾರೆ ಅಂತ ನಾನು ಹೇಳಲ್ಲ" ಅಂದ.

"ಹೇಳ್ಬೇಡಿ, ಹೋದ ಮೇಲೆ ನಾನೇ ಕಾಗದ ಬರೀತೀನಿ" ಅಂದೆ.

ಅವನಿಗೆ ಜವಾಬು ಕೊಡುವುದು ಸುಲಭ. ಅವನು ಹೋದ ಮೇಲೆ ಮಾಷಾಲ್ಲಾ ನೂಲು ಕತ್ತರಿಸುವ ಗಂಟುಚೂರಿ ಕೆಳಗಿಟ್ಟು ಹೇಳಿದ: "ಉಸ್ತಾದ್, ನೀವು ಹೂಂ ಅಂದ್ರೂ ಸರಿ, ಊಹೂಂ ಅಂದ್ರೂ ಸರಿ, ನಾನು ನಿಮ್ಮ ಜೊತೇಗೇ. ಆದ್ರೆ ನಮ್ಮ ಮನೇಲೂ ಒಲೆ ಉರೀಬೇಕಲ್ಲ." ನನ್ನ ಹಠಕ್ಕೆ ಅವನ ಮಕ್ಕಳು ಹಸಿದರೆ, ನಾನೂ ಆ ಕಣಜದ ಮೇಲೆ ಕೂತವರೂ ಒಂದೇ ಆಗಿಬಿಡುತ್ತೇವೆ. ರಾತ್ರಿ ನಿದ್ದೆ ಹತ್ತುತ್ತಿಲ್ಲ.

ಇದಕ್ಕೂ ಅದೇ ಅಂಚೆಚೀಟಿ ಅಂಟಿಸಿದ್ದೇನೆ. ಇನ್ನು ಒಂದೇ ಉಳಿದಿದೆ.

ಕುರ್ಬಾನ್


ತೆಹ್ರಾನ್
ಇಸ್ಫಂದ್ 18

ಬಾಬಾಜಾನ್,

ಒಂದು ಸಾಲು. ನಾನು ಕೇಳುವುದು ಒಂದೇ ಒಂದು ಸಾಲು. ಮುದ್ರೆ ಒಡೆಯಿರಿ, ಗಲ್ಲದ ಮೊದಲ ಸಾಲನ್ನು ಮಾಷಾಲ್ಲಾ ಕಾಕನಿಗೆ ಕೂಗಿ ಹೇಳಿ. ಅದಾದ ಮೇಲೂ ಬೇಡ ಅನ್ನಿಸಿದರೆ ಒಲೆಗೆ ಹಾಕಿ, ನನ್ನ ಹೆಸರನ್ನೂ ಮರೆತುಬಿಡಿ.

ಗೋಧಿಬಣ್ಣದ ಉಣ್ಣೆ ಹೆಚ್ಚು ತಯಾರು ಮಾಡಿಸಿಡಿ, ಕೆನ್ನೆಗಳಿಗೆ ಬಹಳ ಬೇಕಾಗುತ್ತದೆ. ಮುಖ ಸರಿಯಾಗಿ ಬಂದಿದೆ ಅನ್ನುವ ಧೈರ್ಯ ನನಗಿದೆ. ಎದುರಿಗಿಟ್ಟುಕೊಳ್ಳಲು ಮಾದರಿಗೆ ಕೊರತೆ ಇರಲಿಲ್ಲ, ನೀವೇ ಪ್ರತಿ ಕಾಗದದ ಜೊತೆಗೂ ಒಂದು ಕಳಿಸಿದ್ದೀರಿ.

ನಿಮ್ಮ ಮಗಳು, ಅಮ್ಮನ ಮಗಳು ಕೂಡ,
ತೂಬಾ


ಕೆರ್ಮಾನ್
ರಂಜಾನ್ 25

ಕಣ್ಣಬೆಳಕೇ ತೂಬಾ, ನೂರು ಆಶೀರ್ವಾದ.

ಹೊಸವರ್ಷದ ನೌರೋಜ್ ಹಬ್ಬ ಉಪವಾಸದ ನಡುವೆಯೇ ಬಂತು, ಸಿಹಿಯನ್ನೆಲ್ಲ ಸಂಜೆಗೆ ಕಾದಿಟ್ಟು ತಿಂದೆವು. ಖರ್ಜೂರದ ಬಿಸ್ಕತ್ತು ನಿನಗೂ ಕಳಿಸಿದ್ದೇನೆ.

ನಕ್ಷೆ ಬಿಚ್ಚಿದೆ. ಮೊದಲ ಸಾಲು ಕೂಗಿದೆ. ಮಾಷಾಲ್ಲಾ ಗಂಟು ಹಾಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ನಾನು ನಕ್ಷೆಯನ್ನು ನೋಡಿದೆ. ಆಮೇಲೆ ಎರಡನೆಯ ಸಾಲು ಕೂಗಿದೆ. ಗಲ್ಲ ಅಗಲವಾಗಿದೆ. ಬಹಳ ಚೆನ್ನಾಗಿ ಅಗಲವಾಗಿದೆ.

ಈಗ ಹುಬ್ಬಿನವರೆಗೆ ಬಂದಿದ್ದೇವೆ. ಹಗಲು ಉಪವಾಸ, ಆದರೂ ಯಾರ ಕೈಯೂ ಸೋತಿಲ್ಲ. ಮಿರ್ಜಾ ನನ್ನ ಮೇಲೆ ಪ್ರಸನ್ನನಾಗಿದ್ದಾನೆ. ಮೊನ್ನೆ ಮಗ್ಗದ ಎದುರು ನಿಂತು ತಲೆ ಓರೆ ಮಾಡಿ "ದೊರೆಗಳು ಸ್ವಲ್ಪ ದಪ್ಪ ಕಾಣ್ತಾರಲ್ಲ?" ಅಂದ. "ಕತ್ತರಿಸದ ಉಣ್ಣೆ ಸ್ವಾಮಿ, ಕುರಿ ಥರ ಉಬ್ಬಿದೆ. ಕತ್ತರಿ ಆಡ್ಸಿದ ಮೇಲೆ ಮುಖ ತಾನಾಗೇ ಗೊತ್ತಾಗುತ್ತೆ" ಅಂದೆ. ಕತ್ತರಿಯನ್ನು ಕೊನೆಯ ದಿನ ನಾನೇ ಆಡಿಸುತ್ತೇನೆ.

ನಿನ್ನ ಕೈ ಚೆನ್ನಾಗಿದೆ ಮಗಳೇ. ನಿನ್ನ ಮೇಲೆ ಸಂದೇಹಪಟ್ಟೆ, ಮುದುಕನ ತಪ್ಪು.

ನಿನ್ನ ತಂದೆ,
ಕುರ್ಬಾನ್


ತೆಹ್ರಾನ್
ಉರ್ದಿಬಿಹಿಶ್ತ್ 16, 1305

ಬಾಬಾಜಾನ್,

ಇದನ್ನು ಅಂಚೆಗೆ ಹಾಕುತ್ತಿಲ್ಲ, ನಿಮ್ಮ ಕಡೆ ಬರುವ ಯಜ್ದ್ ಊರಿನ ಲಾರಿ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಹಾಗಾಗಿ ಬಾಯಿಬಿಟ್ಟು ಬರೆಯುತ್ತೇನೆ.

ಪಟ್ಟಾಭಿಷೇಕದ ದಿನ ನಿಮ್ಮನ್ನು ಹಿಡಿದುಕೊಂಡು ಹೋದರು ಅಂತ ಇಲಾಖೆಗೆ ತಂತಿ ಬಂದಿದೆ. ಅದರ ಮೇಲೆ ಏನೂ ಗೊತ್ತಿಲ್ಲ. ಜಲೀಲನನ್ನು ಎರಡು ಸಲ ಕರೆದು ಕೇಳಿದರು. "ನನ್ನ ಹೆಂಡ್ತಿ ಬರೆದಿದ್ದು ಹೊಸ ದೊರೆಯದ್ದೇ, ಮುದುಕ ಕೂಗಿದ್ದು ಏನೋ ನಂಗೆ ಗೊತ್ತಿಲ್ಲ" ಅಂದನಂತೆ. ಮನೆಗೆ ಬಂದು ನನ್ನ ಮುಂದೆ ಕೂತು ಅತ್ತ, ನಿಮ್ಮ ಮೇಲೆ ಹೊರಿಸಿಬಿಟ್ಟೆ ಅಂತ. ಅವನ ಮೇಲೆ ಕೋಪ ಮಾಡಬೇಡಿ.

ನಾನು ಹೇಳಲೇಬೇಕು. ಮೊದಲು ಹೊಸ ದೊರೆಯ ಫೋಟೋ ಎದುರಿಗಿಟ್ಟುಕೊಂಡೇ ಕೂತಿದ್ದೆ. ಮೂಗಿನವರೆಗೆ ಬಂದಿತ್ತು. ಆಗ ನಿಮ್ಮ ಕಾಗದ ಬಂತು, ಅಮ್ಮ ಅಷ್ಟು ಹಗುರವಾಗಿದ್ದಳು ಅಂತ. ಅವಳು ಕೊಟ್ಟ ರೊಟ್ಟಿ ತಿಂದವಳು ನಾನು. ಇಷ್ಟು ವರ್ಷ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಬೇರೆ ಯಾರನ್ನಾದರೂ ಕೇಳಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಬರೆದದ್ದನ್ನು ಹರಿದುಹಾಕಿದೆ. ನಿಮ್ಮ ಲಕೋಟೆಗಳ ಮೇಲಿನ ಅಂಚೆಚೀಟಿಗಳನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಒಂದರಲ್ಲಿ ಮುದ್ರೆಯ ಮಸಿ ಬೀಳದ ಕಡೆಯಿಂದ ಅಹಮದ್ ಷಾನ ಒಂದು ಕೆನ್ನೆ, ಇನ್ನೊಂದರಿಂದ ಇನ್ನೊಂದು ಕೆನ್ನೆ ತೆಗೆದೆ.

ನಮ್ಮ ಶಾಲೆಯ ಎರಡು ಕೋಣೆಗೆ ತಳಪಾಯ ಹಾಕಿದ್ದಾರೆ. ನನಗೆ ಅದು ಈಗಲೂ ಸಂತೋಷವೇ. ಆದರೆ ನಾಳೆ ನನ್ನ ಹುಡುಗಿಯರು ಹಸಿದರೆ ಇವರನ್ನೂ ಕೇಳುತ್ತೇನೆ.

ಬದುಕಿದ್ದೀರಿ ಅಂತ ಒಂದು ಸಾಲು ಬರೆಯಿರಿ.

ತೂಬಾ


ಕೆರ್ಮಾನ್
ಜಿಲ್ಕಾದ್ 6, 1344

ಕಣ್ಣಬೆಳಕೇ,

ಬದುಕಿದ್ದೇನೆ. ಈ ಕಾಗದವನ್ನೂ ಅಂಚೆಗೆ ಹಾಕದೆ ಅದೇ ಲಾರಿ ಡ್ರೈವರ್ ಕೈಯಲ್ಲೇ ಕಳಿಸುತ್ತಿದ್ದೇನೆ. ಅಂಗಾಲಿಗೆ ಹೊಡೆದರು, ಗೋಡೆ ಹಿಡಿದು ನಡೆಯುತ್ತೇನೆ. ನಾನು ಕೂತು ಕೂಗುವವನು, ಕಾಲು ಯಾರಿಗೆ ಬೇಕು? ಜಲೀಲನಿಗೆ ಹೇಳು, ಅವನು ಹೇಳಿದ್ದನ್ನೇ ನಾನೂ ಹೇಳಿದೆ. ತೆಹ್ರಾನಿನ ನಕ್ಷೆ ಹೊಸ ದೊರೆಯದ್ದೇ, ಅದನ್ನು ಸುಟ್ಟು ಹಳೆಯದನ್ನು ನೆನಪಿನಿಂದ ಕೂಗಿದೆ ಅಂದೆ. ನೆನಪಿನಿಂದ ಒಂದು ಮುಖವನ್ನು ಕೂಗಬಲ್ಲ ಉಸ್ತಾದ ಭೂಮಿಯ ಮೇಲೆ ಇಲ್ಲ ಅಂತ ಅವರಿಗೆ ಗೊತ್ತಿಲ್ಲ. ನಿನ್ನ ಪಟ್ಟಿಗಳನ್ನು ಮಾತ್ರ ನಿಜವಾಗಿ ಸುಡಬೇಕಾಯಿತು. ಕೊಳವೆ ಉಳಿಸಿಕೊಂಡಿದ್ದೇನೆ.

ಪಟ್ಟಾಭಿಷೇಕದ ಆ ದಿನ ನೀನು ನೋಡಬೇಕಿತ್ತು. ರಾಜ್ಯಪಾಲರ ಸಭಾಂಗಣದ ತುಂಬ ಜನ. ಸುರುಳಿಯನ್ನು ನಾನೂ ಮಾಷಾಲ್ಲಾನೂ ಹೊತ್ತು ತಂದು ಮುಖದ ಕಡೆಯಿಂದಲೇ ಬಿಡಿಸಿದೆವು. ಬಾಗಿಲಲ್ಲಿ ನಿಂತಿದ್ದ ಹಳೆಯ ಜವಾನನೊಬ್ಬ ಇಷ್ಟು ವರ್ಷದ ಅಭ್ಯಾಸಕ್ಕೆ ಸೊಂಟ ಬಗ್ಗಿಸಿ ಅಹಮದ್ ಷಾನಿಗೆ ಸಲಾಂ ಹೊಡೆದ. ಅವನನ್ನು ನೋಡಿ ಪಕ್ಕದವನೂ ಅರ್ಧ ಬಗ್ಗಿದ, ಆಮೇಲೆ ಬೂಟಿನ ಲೇಸು ಕಟ್ಟುವವನ ಹಾಗೆ ನಟಿಸಿದ. ಮಿರ್ಜಾ ಬಾಕರನ ಮುಖ ಬಿಳಿ ಉಣ್ಣೆಯಾಯಿತು.

"ಇದ್ಯಾರು?" ಅಂದರು ರಾಜ್ಯಪಾಲರು.

"ಇಷ್ಟು ವರ್ಷ ಆಳಿದೋರು ಸ್ವಾಮಿ. ಗುರುತು ಸಿಗ್ಲಿಲ್ವಾ?" ಅಂದೆ.

ಅಲ್ಲೇ ಕತ್ತರಿ ತರಿಸಿ ಕೊರಳಿಗೆ ಸರಿಯಾಗಿ ಕತ್ತರಿಸಿದರು. ಮೈಯನ್ನು ಇಟ್ಟುಕೊಂಡಿದ್ದಾರೆ. ವಜ್ರ, ಕತ್ತಿ, ಹೊಟ್ಟೆ ಎಲ್ಲ ಅವರಿಗೆ ಬೇಕು. ಬೇರೆ ಮಗ್ಗದಲ್ಲಿ ಹೊಸ ತಲೆ ನೇಯಿಸಿ ಹೊಲಿಸುತ್ತಾರಂತೆ. ಆದರೆ ಊರಿನ ಉಸ್ತಾದರಿಗೆಲ್ಲ ಒಮ್ಮೆಲೇ ಕಣ್ಣು ಮಂಜಾಗಿದೆ. ಒಬ್ಬನಿಗೂ ಚೌಕ ಕಾಣುತ್ತಿಲ್ಲವಂತೆ.

ನನ್ನ ಮಗ್ಗಗಳಿಗೆ ಬೀಗ ಬಿತ್ತು. ಅದೇ ಉಸ್ತಾದರು ನನ್ನ ಕಡೆಯವರನ್ನು ಹಂಚಿಕೊಂಡು ಕೆಲಸ ಕೊಟ್ಟಿದ್ದಾರೆ. ಮಾಷಾಲ್ಲಾನ ಮನೆಯ ಒಲೆ ಉರಿಯುತ್ತಿದೆ, ಮೊದಲು ಅದನ್ನೇ ವಿಚಾರಿಸಿದೆ.

ಬಿಡುಗಡೆಯ ದಿನ ಜೈಲಿನವನು ಬಟ್ಟೆಯಲ್ಲಿ ಸುತ್ತಿದ್ದ ಗಂಟೊಂದನ್ನು ನನ್ನ ಕಡೆ ಎಸೆದು "ತಗೊಳಪ್ಪ, ನಿನ್ ದೊರೆ" ಅಂದ. ಅದರೊಳಗೆ ತಲೆ ಇತ್ತು.

ಮನೆಯ ಗೋಡೆಗೆ ಹಾಕಿದ್ದೇನೆ, ಬಾಗಿಲಿಗೆ ಎದುರಾಗಿ. ಬೆಳಗ್ಗೆ ಒಲೆಯಿಂದ ರೊಟ್ಟಿ ತೆಗೆದು ತಂದು ಅವನ ಮುಂದೆ ಕೂತು ಮುರಿಯುತ್ತೇನೆ. ಕೌಕಬಳ ಪಾಲು ಎಲ್ಲಿ ಅಂತ ಕೇಳುತ್ತೇನೆ. ಉತ್ತರ ಬರುವುದಿಲ್ಲ. ಆದರೆ ಕೇಳಲು ಒಂದು ಮುಖ ಇದೆ. ನೀನು ಬಂದಾಗ ನೀನೂ ಕೇಳು, ಮಗಳೇ. ಆ ರೊಟ್ಟಿ ತಿಂದದ್ದಕ್ಕೆ ನಿನ್ನನ್ನು ಬೈದುಕೊಳ್ಳುವುದನ್ನು ಇವತ್ತಿಗೆ ನಿಲ್ಲಿಸು.

ಅಂದಹಾಗೆ, ಕಚೇರಿಯವರು ನಿನಗೆ ಕೊಟ್ಟ ಹೊಸ ದೊರೆಯ ಫೋಟೋವನ್ನು ಎಸೆಯಬೇಡ. ಜೋಪಾನವಾಗಿ ಎತ್ತಿಡು. ಗೋಡೆಯ ಮೇಲೆ ಇವನ ಪಕ್ಕಕ್ಕೆ ಇನ್ನೊಂದು ಮೊಳೆ ಹೊಡೆದಿದ್ದೇನೆ.

ನಿನ್ನ ತಂದೆ,
ಉಸ್ತಾದ್ ಕುರ್ಬಾನ್